ಬೆಂಡೆಕಾಯಿ ಅಚ್ಚು ಯಾಕೆ ಕೆಟ್ಟಿತು?

ಓದುಗರ ಪ್ರಶ್ನೆ, ಡ್ರಾಯಿಂಗ್ ಮೇಷ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟೀಚರ್ ಆಗಲು ಓದುತ್ತಿರುವವರದ್ದೇ. ಇಂಟರ್ನ್‌ಶಿಪ್ ಶುರುವಾಗಿದೆ ಅಂತ ಕಾಣುತ್ತದೆ. ಒಂದು ಪತ್ರವಂತೂ ಆರು ಪುಟ ಇತ್ತು. ಅದರ ಜೊತೆ ಬಣ್ಣ ಮೆತ್ತಿದ ಒಂದು ಹಾಳೆಯನ್ನೂ ಮಡಚಿ ಕಳಿಸಿದ್ದರು. ಆ ಹಾಳೆ ನೋಡಿದ ಮೇಲೆ ಸುಮ್ನೆ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಹಾಗಾಗಿ ಜಾಗದ ದೊಡ್ಡ ಪಾಲು ಅದಕ್ಕೇ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮಸ್ಕಾರ. ನಾನು ಡಿ.ಎಲ್.ಇಡಿ ಎರಡನೇ ವರ್ಷ. ಹಾನಗಲ್ ಕಡೆಯ ಒಂದು ಸರ್ಕಾರಿ ಶಾಲೆಗೆ ಹಾಕಿದ್ದಾರೆ. ನಾಲ್ಕನೇ ತರಗತಿ, 38 ಮಕ್ಕಳು. ಕಲೆಯ ಪೀರಿಯಡ್‌ನಲ್ಲಿ ಏನಾದರೂ ಹೊಸದು ಮಾಡೋಣ ಅಂತ ತರಕಾರಿ ಅಚ್ಚು ಮಾಡಿಸಿದೆ. ಬೆಂಡೆಕಾಯಿ, ಆಲೂಗಡ್ಡೆ, ಈರುಳ್ಳಿ ಎಲ್ಲ ನಾನೇ ತಂದಿದ್ದೆ. ಕೇಕ್ ಕಲರ್ (ಡಬ್ಬಿಯಲ್ಲಿ ಬರುವ ಬಣ್ಣದ ಬಿಲ್ಲೆ) ನೀರಲ್ಲಿ ಕಲಸಿ ತಟ್ಟೆಗೆ ಹಾಕಿದೆ. ಹೂವು ಬರುತ್ತೆ ಅಂದಿದ್ದೆ, ಬಂದಿದ್ದು ಬರೀ ಕಲೆ. ಮಕ್ಕಳು ಕೈ ತೊಳೆಯಲು ಒಮ್ಮೆಲೇ ನಲ್ಲಿಗೆ ಓಡಿದರು, ಒಬ್ಬ ಬಿದ್ದ. ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು "ತರಗತಿ ನಿಯಂತ್ರಣ ಇಲ್ಲ" ಅಂತ ಬರೆದು ಹೋದರು. ಮುಂದಿನ ವಾರ ಹೆದರಿಕೊಂಡು ಬೋರ್ಡ್ ಮೇಲೆ ಒಂದು ಗಿಳಿ ಬರೆದೆ, ಎಲ್ಲರೂ ನೋಡಿ ಬರೆದರು. ತರಗತಿ ಸೂಜಿ ಬಿದ್ದರೂ ಕೇಳುವಷ್ಟು ಶಾಂತ. "ಉತ್ತಮ" ಅಂತ ಬಂತು. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬಳು ಬಂದು "ಟೀಚರ್, ಬೆಂಡಿಕಾಯಿ ಮತ್ತ ಯಾವಾಗ್ರೀ?" ಅಂದಳು. ಯಾವುದು ಸರಿ ಸರ್? ಯಾವ ತರಗತಿಗೆ ಯಾವ ವಿಧಾನ? ಇನ್ನೊಂದು ನಿಜ ಹೇಳಿಬಿಡುತ್ತೇನೆ, ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆ ಗಿಳಿ ಕೂಡ ಪುಸ್ತಕ ನೋಡಿ ಮೂರು ದಿನ ಅಭ್ಯಾಸ ಮಾಡಿದ್ದು.
— ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ

ಉತ್ತರ: ತಂಗಿ, ಮೊದಲು ಬೆಂಡೆಕಾಯಿ ವಿಷಯ ಮುಗಿಸೋಣ. ಗಿಳಿ ಆಮೇಲೆ.

ನೀವು ಕಳಿಸಿದ ಹಾಳೆ ನೋಡಿದರೆ ಎಲ್ಲ ಗೊತ್ತಾಗುತ್ತದೆ. ನೀವು ತಂದದ್ದು ಎಳೆ ಬೆಂಡೆಕಾಯಿ. ಪಲ್ಯಕ್ಕೆ ಅದೇ ಒಳ್ಳೆಯದು, ಆದರೆ ಅಚ್ಚಿಗೆ ಅದು ಬರುವುದಿಲ್ಲ, ಒತ್ತಿದ ತಕ್ಷಣ ನಜ್ಜಾಗುತ್ತದೆ. ಸಂತೆ ಮುಗಿಯುವ ಹೊತ್ತಿಗೆ ಯಾರೂ ಕೊಳ್ಳದೆ ಬುಟ್ಟಿಯ ತಳದಲ್ಲಿ ಉಳಿದ ಬಲಿತ ಬೆಂಡೆಕಾಯಿ ಇರುತ್ತದಲ್ಲ, ತುದಿ ಮುರಿಯಲು ಹೋದರೆ ಮುರಿಯದೆ ಬಾಗುವಂಥದ್ದು, ನಾರು ಬಂದದ್ದು, ಅದು ಬೇಕು. ಎಷ್ಟೋ ಸಲ ಪುಕ್ಕಟೆ ಕೊಡುತ್ತಾರೆ. ಕತ್ತರಿಸಿದ ಕೂಡಲೇ ಲೋಳೆ ಬರುತ್ತದೆ. ಆ ಲೋಳೆಯ ಮೇಲೆ ಬಣ್ಣ ಕೂರುವುದಿಲ್ಲ, ಜಾರುತ್ತದೆ. ಪೀರಿಯಡ್‌ಗೆ ಒಂದೆರಡು ಗಂಟೆ ಮೊದಲೇ ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮುಖ ಕೆಳಗೆ ಮಾಡಿ ಹಳೆ ಪೇಪರ್ ಮೇಲೆ ನಿಲ್ಲಿಸಿಡಿ. ಲೋಳೆಯನ್ನು ಪೇಪರ್ ಕುಡಿದುಬಿಡುತ್ತದೆ. ಆಲೂಗಡ್ಡೆಯದ್ದೂ ಇದೇ ಕಥೆ. ಅದರಲ್ಲಿ ಪಿಷ್ಟದ ನೀರು ಒಸರುತ್ತಾ ಇರುತ್ತದೆ, ಬಟ್ಟೆಯಲ್ಲಿ ಒತ್ತಿ ಒರೆಸದಿದ್ದರೆ ಬಣ್ಣ ನೀರಾಗುತ್ತದೆ.

ಎರಡನೆಯದು ನಿಮ್ಮ ಬಣ್ಣ. ಕೇಕ್ ಕಲರ್ ಅಚ್ಚಿಗೆ ತೀರಾ ತೆಳು. ಪೋಸ್ಟರ್ ಕಲರ್ ತಗೊಳ್ಳಿ, ದೋಸೆ ಹಿಟ್ಟಿನ ಹದಕ್ಕೆ ಇರಲಿ. ತಟ್ಟೆಗೆ ಸುರಿಯಲೇಬೇಡಿ. ಹಳೆ ಬನಿಯನ್ ತುಂಡನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿ ಮುಚ್ಚಳದಲ್ಲಿಟ್ಟು, ಒದ್ದೆ ಮಾಡಿ ಹಿಂಡಿ, ಅದರ ಮೇಲೆ ಎರಡು ಚಮಚ ಬಣ್ಣ ಹಚ್ಚಿ. ಆಫೀಸಿನ ಸ್ಟ್ಯಾಂಪ್ ಪ್ಯಾಡ್ ಇದ್ದ ಹಾಗೆ. ಆಗ ಬಣ್ಣ ಬೆಂಡೆಕಾಯಿಯ ಅಂಚಿಗೆ ಮಾತ್ರ ಹತ್ತುತ್ತದೆ, ಬೀಜದ ಗೂಡಿಗೆ ತುಂಬಿಕೊಳ್ಳುವುದಿಲ್ಲ. ಹೂವು ಕಾಣುವುದೇ ಆ ಖಾಲಿ ಗೂಡುಗಳಿಂದ.

ಮೂರನೆಯದು ಯಾರೂ ಹೇಳಿಕೊಡದ ಗುಟ್ಟು. ಹಾಳೆಯ ಕೆಳಗೆ ನಾಲ್ಕೈದು ಪದರ ನ್ಯೂಸ್‌ಪೇಪರ್ ಹಾಸಿ. ಕಡಪ ಕಲ್ಲಿನ ಮೇಲೆ ನೇರವಾಗಿ ಹಾಳೆ ಇಟ್ಟು ಒತ್ತಿದರೆ ಅಚ್ಚಿನ ಅರ್ಧ ಬೀಳುತ್ತದೆ, ಅರ್ಧ ಬೀಳುವುದಿಲ್ಲ. ಕೆಳಗೆ ಮೆತ್ತಗಿದ್ದರೆ ಎಲ್ಲ ಕಡೆ ಸಮ ಕೂರುತ್ತದೆ. ಮಕ್ಕಳಿಗೆ ಹೇಳಬೇಕಾದದ್ದು ಎರಡೇ ಮಾತು: ಒತ್ತು, ಎತ್ತು. ಎಳೆಯಬಾರದು. ನಿಮ್ಮ ಹಾಳೆಯ ಮೂಲೆಯಲ್ಲಿ ಬಾಲ ಬಂದ ಅಚ್ಚುಗಳಿವೆಯಲ್ಲ, ಅವು ಎಳೆದದ್ದರಿಂದ ಆದದ್ದು.

ಇವೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನೂ ಕೆಡಿಸಿದ್ದೇನೆ. ವ್ಯತ್ಯಾಸ ಏನಪ್ಪಾ ಅಂದರೆ, ಆಮೇಲಾಮೇಲೆ ಮನೆಯಲ್ಲಿ ಕೆಡಿಸಿದೆ. ಯಾವ ವಿಧಾನವನ್ನೇ ಆಗಲಿ ಮಕ್ಕಳ ಮುಂದೆ ಇಡುವ ಮೊದಲು ಅಡುಗೆಮನೆಯ ನೆಲದ ಮೇಲೆ ಕೂತು ಹತ್ತು ಸಲ ಮಾಡಿ ನೋಡಿ. ಮಕ್ಕಳ ಹತ್ತಿರ ಇರುವ ಸಾಮಾನಲ್ಲೇ ಮಾಡಿ, ನಿಮ್ಮ ಹತ್ತಿರ ಇರುವ ಒಳ್ಳೆಯ ಬ್ರಷ್‌ನಲ್ಲಿ ಅಲ್ಲ.

ಇನ್ನು "ನಿಯಂತ್ರಣ ಇಲ್ಲ" ಅನ್ನುವ ಮಾತು. ನಿಮ್ಮ ಉಪನ್ಯಾಸಕರ ಮೇಲೆ ಸಿಟ್ಟು ಮಾಡಬೇಡಿ, ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅಚ್ಚು ಹಾಕುವಾಗ ಮಕ್ಕಳು ಗಲಾಟೆ ಮಾಡುವುದು ತಪ್ಪಲ್ಲ, ಆ ಗಲಾಟೆ ಕೆಲಸದ್ದು. ನಲ್ಲಿ ಹತ್ತಿರ ಒಬ್ಬ ಬಿದ್ದನಲ್ಲ, ಅದು ವ್ಯವಸ್ಥೆ ಇಲ್ಲದ್ದರಿಂದ ಆದದ್ದು. 38 ಮಕ್ಕಳನ್ನು ಆರಾರು ಮಂದಿಯ ಗುಂಪು ಮಾಡಿ, ಕೊನೆಯ ಎರಡು ಗುಂಪಿಗೆ ಒಬ್ಬೊಬ್ಬರು ಜಾಸ್ತಿ. ಒಂದು ಗುಂಪಿಗೆ ಒಂದೇ ಬಣ್ಣ. ಬಣ್ಣ ಓಡಾಡಬಾರದು, ಮಕ್ಕಳು ತಮ್ಮ ಹಾಳೆ ಹಿಡಿದು ಬಣ್ಣದಿಂದ ಬಣ್ಣಕ್ಕೆ ಹೋಗಬೇಕು. ಪ್ರತಿ ಗುಂಪಿಗೆ ಒಂದು ಒದ್ದೆ ಬಟ್ಟೆ ಕೊಟ್ಟರೆ ನಲ್ಲಿಗೆ ಓಡುವ ಪ್ರಶ್ನೆಯೇ ಇಲ್ಲ. 40 ನಿಮಿಷದಲ್ಲಿ ನಿಜವಾದ ಕೆಲಸಕ್ಕೆ ಸಿಗುವುದು 15 ನಿಮಿಷ ಅಷ್ಟೇ ಅಂತ ಲೆಕ್ಕ ಹಾಕಿಕೊಳ್ಳಿ. ಉಳಿದದ್ದು ಹಂಚುವುದಕ್ಕೆ, ಒರೆಸುವುದಕ್ಕೆ, ಒಬ್ಬರದ್ದೊಬ್ಬರು ನೋಡುವುದಕ್ಕೆ. ಈ ನೋಡುವ ಹತ್ತು ನಿಮಿಷವನ್ನು ದಯವಿಟ್ಟು ತಿನ್ನಬೇಡಿ. ನಿಮ್ಮ ಶಾಲೆಯ ನಲಿಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಕಲಿಕೆ) ಕೋಣೆಯಲ್ಲಿ ಮೇಲೆ ದಾರ ಕಟ್ಟಿದ ಚಪ್ಪರ ಇರುತ್ತದಲ್ಲ, ಅದಕ್ಕೆ ಬಟ್ಟೆ ಕ್ಲಿಪ್ ಹಾಕಿ ಹಾಳೆ ನೇತು ಹಾಕಿ. ಒಣಗಿದಂತೆಯೂ ಆಯಿತು, ಪ್ರದರ್ಶನವೂ ಆಯಿತು. ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಿನಿಂದ ಎಷ್ಟೋ ಬದಲಾವಣೆ ಕಂಡಿದೆ. ಆ ಚಪ್ಪರದ ಮೇಲೆ ಮಾತ್ರ ನನಗೆ ಮೊದಲಿಂದ ಪ್ರೀತಿ.

ಪಾಠ ಯೋಜನೆಯಲ್ಲಿ "ತರಕಾರಿ ಅಚ್ಚು ಮಾಡಿಸುವುದು" ಅಂತ ಮಾತ್ರ ಬರೆದರೆ ನೋಡುವವರಿಗೆ ಬರೀ ಆಟ ಕಾಣುತ್ತದೆ. "ಒತ್ತಡ ಹೆಚ್ಚು ಕಡಿಮೆ ಮಾಡಿದಾಗ ಅಚ್ಚು ಹೇಗೆ ಬದಲಾಗುತ್ತದೆ ಎಂದು ಮಗು ಗುರುತಿಸುತ್ತದೆ", "ಅಡ್ಡ ಮತ್ತು ಉದ್ದ ಸೀಳಿದ ಈರುಳ್ಳಿಯ ಆಕಾರ ಹೋಲಿಸುತ್ತದೆ" ಅಂತ ಬರೆಯಿರಿ. ಸುಳ್ಳೇನೂ ಅಲ್ಲವಲ್ಲ, ಅದೇ ಆಗುವುದು. ಈರುಳ್ಳಿ ಅಡ್ಡ ಕೊಯ್ದರೆ ಉಂಗುರದೊಳಗೆ ಉಂಗುರ, ಉದ್ದ ಸೀಳಿದರೆ ದೀಪದ ಕುಡಿ ಇದ್ದ ಹಾಗೆ. ನಾಲ್ಕನೇ ತರಗತಿಯ ಮಗುವಿಗೆ ಅದು ದೊಡ್ಡ ಸುದ್ದಿ.

ಈಗ ಗಿಳಿ.

ಆ ದಿನ ತರಗತಿಯಲ್ಲಿ 38 ಗಿಳಿ ಬಂದವು, ಸರಿ. ಅದರಲ್ಲಿ ಒಂದಾದರೂ ಮಗು ನೋಡಿದ ಗಿಳಿ ಇತ್ತಾ? ನಿಮ್ಮ ಕಡೆ ಮೆಕ್ಕೆಜೋಳದ ಹೊಲಕ್ಕೆ ಗಿಳಿ ಹಿಂಡು ಬೀಳುವುದನ್ನು ಮಕ್ಕಳು ದಿನಾ ನೋಡುತ್ತಾರೆ, ಓಡಿಸಲು ತಗಡು ಬಡಿದಿರುತ್ತಾರೆ. ಬೋರ್ಡ್ ಮೇಲಿನ ಗಿಳಿ ಕೊಂಬೆಯ ಮೇಲೆ ಬಲಕ್ಕೆ ಮುಖ ಮಾಡಿ ಕೂತಿರುತ್ತದೆ. ಅವರ ಗಿಳಿ ತೆನೆಗೆ ತಲೆಕೆಳಗಾಗಿ ಜೋತು ಬಿದ್ದಿರುತ್ತದೆ. ನೀವು ಬರೆದು ತೋರಿಸಿದ ತಕ್ಷಣ ಅವರ ಗಿಳಿ ಹಾರಿ ಹೋಯಿತು. ಶಾಂತಿ ಬಂತು, ನಿಜ. ಸಂತೆ ಮುಗಿದ ಮೇಲೂ ಶಾಂತಿ ಇರುತ್ತದೆ.

ನಾನೇನು ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲೆನಾಡಿನ ಒಂದು ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿ ಒಂದು ಹಸು ಬರೆದಿದ್ದಳು. ಹಸುವಿನ ಹೊಟ್ಟೆಯೊಳಗೆ ಕರು. ಕರು ನಿಂತುಕೊಂಡಿತ್ತು, ನಾಲ್ಕು ಕಾಲು, ಬಾಲ, ಕೊರಳಿಗೆ ಗಂಟೆ ಬೇರೆ. "ಹೊಟ್ಟೆ ಒಳಗಿರೋದು ಹೊರಗೆ ಕಾಣತ್ತೇನೇ?" ಅಂತ ನಾನು ರಬ್ಬರ್ ತಗೊಂಡು ಆ ಕರುವನ್ನು ಅಳಿಸಿದೆ. ಅವಳು ಅಳಲಿಲ್ಲ, ಏನೂ ಹೇಳಲಿಲ್ಲ. ಆಮೇಲೆ ವರ್ಷವಿಡೀ ನಾನು ಬೋರ್ಡ್ ಮೇಲೆ ಬರೆದದ್ದನ್ನು ಮಾತ್ರ ಬರೆದಳು. ಅವರ ಮನೆ ಹಸು ಆ ವಾರ ಕರು ಹಾಕುವುದರಲ್ಲಿತ್ತು ಅಂತ ನನಗೆ ತಿಳಿದದ್ದು ಅವಳ ಅಮ್ಮ ಗಿಣ್ಣ ತಂದುಕೊಟ್ಟ ದಿನ.

ಎಷ್ಟೋ ವರ್ಷದ ಮೇಲೆ ಓದಿದೆ, ವಿಕ್ಟರ್ ಲೋವೆನ್‌ಫೆಲ್ಡ್ ಅಂತ ಒಬ್ಬರು 1947ರಲ್ಲೇ ಇದನ್ನೆಲ್ಲ ಬರೆದಿಟ್ಟಿದ್ದಾರೆ. ವಿಯೆನ್ನಾದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕಲೆ ಕಲಿಸಿ, ಆಮೇಲೆ ಅಮೆರಿಕಕ್ಕೆ ಹೋದವರು. ಏಳರಿಂದ ಒಂಬತ್ತು ವರ್ಷದ ಹೊತ್ತಿಗೆ ಮಗು ಕಂಡದ್ದನ್ನಲ್ಲ, ತನಗೆ ಗೊತ್ತಿದ್ದದ್ದನ್ನು ಬರೆಯುತ್ತದೆ. ಹಾಗಾಗಿ ಗೋಡೆಯಾಚೆಗಿನ ಮನೆ ಒಳಗು, ಹೊಟ್ಟೆಯೊಳಗಿನ ಕರು, ಮಣ್ಣಿನೊಳಗಿನ ಗೆಣಸು ಎಲ್ಲ ಎಕ್ಸ್‌ರೇ ತೆಗೆದ ಹಾಗೆ ಕಾಣುತ್ತವೆ. ಅದು ತಪ್ಪಲ್ಲ, ಆ ವಯಸ್ಸಿನ ಕ್ರಮ. ನಿಮ್ಮ ನಾಲ್ಕನೇ ತರಗತಿ ಈ ಕ್ರಮ ಮುಗಿಯುವ ಅಂಚಿನಲ್ಲಿದೆ. ಒಂಬತ್ತು ಹತ್ತು ದಾಟಿದ ಮೇಲೆ ಮಗು ತನ್ನ ಚಿತ್ರವನ್ನು ತಾನೇ ಅನುಮಾನದಿಂದ ನೋಡಲು ಶುರು ಮಾಡುತ್ತದೆ. "ನಂಗ ಬರಂಗಿಲ್ರೀ ಟೀಚರ್" ಅಂತ ಹಾಳೆ ಮುಚ್ಚಿಟ್ಟುಕೊಳ್ಳುತ್ತದೆ. ಅಚ್ಚು, ಉಜ್ಜುಚಿತ್ರ (ಎಲೆಯಂಥದ್ದರ ಮೇಲೆ ಹಾಳೆ ಇಟ್ಟು ಕ್ರೇಯಾನ್ ಉಜ್ಜುವುದು), ಹರಿದು ಅಂಟಿಸುವುದು ಇವೆಲ್ಲ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲೇ. ಗೆರೆ ನೇರ ಬರಬೇಕು ಅನ್ನುವ ಹೆದರಿಕೆ ಇಲ್ಲದೆ ಕೈ ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಯಾವ ತರಗತಿಗೆ ಯಾವುದು ಅಂತ ಕೇಳಿದ್ದೀರಿ. ಒಂದರಿಂದ ಮೂರಕ್ಕೆ ಕೈಬೆರಳ ಕೆಲಸ ಸಾಕು: ಹೆಬ್ಬೆಟ್ಟಿನ ಚಿತ್ರ, ಕಾಗದ ಹರಿದು ಅಂಟಿಸುವುದು, ಮಣ್ಣು. ಕತ್ತರಿ ಬೇಡ, ಬೆರಳಲ್ಲೇ ಹರಿಯಲಿ. ಮಣ್ಣಿಗಂತೂ ನಿಮ್ಮ ಕಡೆಯವರಿಗೆ ಹೇಳಿಕೊಡಬೇಕೇ? ಶಾಲೆ ಶುರುವಾಗುವ ಹೊತ್ತಿಗೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆ ವಾರ ಮಕ್ಕಳೇ ನಿಮಗೆ ಕಲಿಸುತ್ತಾರೆ, ಯಾವ ಹೊಂಡದ ಮಣ್ಣು ಬಿರಿಯುವುದಿಲ್ಲ ಅಂತ. ಎತ್ತಿನ ಕಣ್ಣಿಗೆ ಕುಸುಬಿಯೋ ಜೋಳವೋ ಇಡಿಸಿ. ಗುಲಗಂಜಿ ಮಾತ್ರ ಬೇಡ. ನೋಡಲು ಚೆಂದ, ಅಗಿದು ನುಂಗಿದರೆ ವಿಷ.

ನಾಲ್ಕು ಐದಕ್ಕೆ ಅಚ್ಚು, ಉಜ್ಜುಚಿತ್ರ, ಮೇಣದ ಚಿತ್ರ. ಉಜ್ಜುಚಿತ್ರಕ್ಕೆ ದಪ್ಪ ಡ್ರಾಯಿಂಗ್ ಶೀಟ್ ಬೇಡವೇ ಬೇಡ, ನೋಟ್‌ಬುಕ್ ಹಾಳೆಯಷ್ಟು ತೆಳು ಇರಬೇಕು. ಅರಳಿ ಎಲೆಯನ್ನೋ ತೇಗದ ಎಲೆಯನ್ನೋ ಬೆನ್ನು ಮೇಲೆ ಮಾಡಿ ಇಡಬೇಕು, ನರ ಉಬ್ಬಿರುವುದು ಆ ಕಡೆ. ಕ್ರೇಯಾನ್‌ನ ಕಾಗದ ಸುಲಿದು ಅಡ್ಡ ಮಲಗಿಸಿ ಉಜ್ಜಬೇಕು, ತುದಿಯಿಂದ ಗೀಚಿದರೆ ಹಾಳೆ ಹರಿಯುತ್ತದೆ. ಎಲೆ ಮುಗಿದ ಮೇಲೆ ಮಕ್ಕಳು ತಾವೇ ಮೊರ, ಚಾಪೆ, ಕಿಟಕಿ ಜಾಲರಿ, ಐದು ರೂಪಾಯಿ ನಾಣ್ಯ, ಚಪ್ಪಲಿ ತಳ ಎಲ್ಲದರ ಮೇಲೂ ಹಾಳೆ ಇಟ್ಟು ಉಜ್ಜುತ್ತಾರೆ. ಬಿಟ್ಟುಬಿಡಿ. ಮ್ಯಾಕ್ಸ್ ಅರ್ನ್ಸ್ಟ್ ಅನ್ನುವ ದೊಡ್ಡ ಕಲಾವಿದ 1925ರಲ್ಲಿ ಮರದ ನೆಲದ ಮೇಲೆ ಹಾಳೆ ಇಟ್ಟು ಉಜ್ಜಿಯೇ ಹೊಸ ದಾರಿ ಹಿಡಿದದ್ದು. ಮೇಣದ ಚಿತ್ರಕ್ಕೆ ಮೇಣದಬತ್ತಿಯ ತುಂಡಿನಿಂದ ಬಿಳಿ ಹಾಳೆಯ ಮೇಲೆ ಒತ್ತಿ ಬರೆದು, ಮೇಲೆ ತೆಳು ಬಣ್ಣ ಎಳೆದರೆ ಬರೆದದ್ದು ಬೆಳ್ಳಗೆ ಎದ್ದು ಬರುತ್ತದೆ, ಮೇಣ ನೀರನ್ನು ಹತ್ತಿರ ಬಿಡುವುದಿಲ್ಲ ನೋಡಿ. ನಿಮ್ಮ ಕೇಕ್ ಕಲರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಅಗ್ಗದ ಕ್ರೇಯಾನ್ ಈ ಕೆಲಸಕ್ಕೆ ಇನ್ನೂ ವಾಸಿ, ಅದರಲ್ಲಿ ಬಣ್ಣಕ್ಕಿಂತ ಮೇಣವೇ ಜಾಸ್ತಿ!

ಆರು ಏಳಕ್ಕೆ ಸ್ಟೆನ್ಸಿಲ್, ರಟ್ಟಿನ ಕೆಲಸ, ಎದುರಿಗಿಟ್ಟದ್ದನ್ನು ನೋಡಿ ಬರೆಯುವುದು. ಅವರಿಗೆ ಚಿತ್ತಾರವನ್ನೂ ತೋರಿಸಿ. ಸೊರಬ ನಿಮ್ಮ ಪಕ್ಕದ ತಾಲೂಕೇ ಅಲ್ವಾ? ಸೊರಬ, ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಬ್ರಷ್ ಅಂಗಡಿಯದ್ದಲ್ಲ, ಪುಂಡಿ ನಾರಿನದ್ದು. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ನಾರಿನ ಕುಚ್ಚು ಕಟ್ಟುವುದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಬ್ರಷ್ ಇಲ್ಲ ಅನ್ನುವ ದೂರು ಇರುವುದಿಲ್ಲ.

ಆದರೆ ಇಷ್ಟುದ್ದ ಪಟ್ಟಿ ಕೊಟ್ಟೆ ಅಂತ ವಾರಕ್ಕೊಂದು ವಿಧಾನ ಹಿಡಿದು ಓಡಬೇಡಿ. ಹೊಸ ಟೀಚರ್‌ಗಳೆಲ್ಲ ಮಾಡುವ ತಪ್ಪು ಇದೇ, ಸರ್ಕಸ್ ಕಂಪನಿ ತರಹ ಪ್ರತಿ ವಾರ ಹೊಸ ಐಟಂ. ಒಂದೇ ವಿಧಾನವನ್ನು ಮೂರು ವಾರ ಮಾಡಿಸಿ. ಮೊದಲ ವಾರ ಮಕ್ಕಳು ಸಾಮಾನಿನ ಜೊತೆ ಗುದ್ದಾಡುತ್ತಾರೆ. ಎರಡನೇ ವಾರ ನೀವು ಹೇಳಿದ್ದು ಬರುತ್ತದೆ. ಮೂರನೇ ವಾರ ನೀವು ಹೇಳದ್ದು ಬರುತ್ತದೆ. ನನ್ನ ಒಬ್ಬ ಹುಡುಗ ಮೂರನೇ ವಾರ ಬೆಂಡೆಕಾಯಿಯನ್ನು ಒಮ್ಮೆ ಬಣ್ಣಕ್ಕೆ ಒತ್ತಿ, ಮತ್ತೆ ಬಣ್ಣ ಹಚ್ಚದೆ ಸಾಲಾಗಿ ಐದಾರು ಅಚ್ಚು ಹಾಕುತ್ತಾ ಹೋದ. ಮೊದಲನೆಯದು ದಟ್ಟ, ಕೊನೆಯದು ಇದ್ದೂ ಇಲ್ಲದ ಹಾಗೆ. ಬಣ್ಣ ಮುಗಿದಿದೆ ಅಂತ ನಾನು ಪ್ಯಾಡ್ ಹತ್ತಿರ ಸರಿಸಿದರೆ, "ಬ್ಯಾಡ ಸಾ, ಇದು ಹತ್ರದ ಹೂವು, ಅದು ದೂರದ್ದು" ಅಂದ. ನಾನು ಹೈಸ್ಕೂಲಿನಲ್ಲಿ ಒಂದು ತಿಂಗಳು ಬೋರ್ಡ್ ತುಂಬಾ ಗೆರೆ ಎಳೆದು ಹೇಳಿಕೊಡುವ ಪಾಠ ಅದು.

ಚಿತ್ರ ಬರೆಯಲು ಬರುವುದಿಲ್ಲ ಅಂದಿದ್ದೀರಿ. ನಿಮ್ಮ ಶಾಲೆಗೆ ಅದು ಒಂದು ರೀತಿ ಲಾಭವೇ. ಚೆನ್ನಾಗಿ ಬರೆಯುವ ಟೀಚರ್ ಬೋರ್ಡ್ ಬಿಟ್ಟು ಇಳಿಯುವುದಿಲ್ಲ, ನನ್ನನ್ನೇ ನೋಡಿ. ನೀವು ಮಾಡಿದ ಮಾದರಿ ತೋರಿಸಬೇಡಿ, ಸಾಮಾನು ಹೇಗೆ ಹಿಡಿಯಬೇಕು ಅಂತ ಮಾತ್ರ ತೋರಿಸಿ. ಬೆಂಡೆಕಾಯಿ ಒತ್ತಿ ಎತ್ತಿ, ಆ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡುಬಿಡಿ. ಹೇಳಲು ಕಷ್ಟ, ಆದರೆ ಮಾಡಿ ನೋಡಿ. ಮಗು ಚಿತ್ರ ತಂದು ತೋರಿಸಿದರೆ "ಇದೇನು?" ಅನ್ನಬೇಡಿ, "ಇದರ ಬಗ್ಗೆ ಹೇಳು" ಅನ್ನಿ. ಆ ಊಟದ ಹೊತ್ತಿಗೆ ಬಂದು ಕೇಳಿದ ಹುಡುಗಿಗೆ ಒಂದು ತಾರೀಖು ಕೊಡಿ, ಮತ್ತು ಆ ತಾರೀಖಿಗೆ ಬೆಂಡೆಕಾಯಿ ತನ್ನಿ. ಬಲಿತದ್ದು.

ಪ್ರಶ್ನೆ: ಮೇಷ್ಟ್ರೇ, ನಾನು ಬಿ.ಇಡಿ ಓದುತ್ತಿದ್ದೇನೆ, ವಿಷಯ ವಿಜ್ಞಾನ. ಕಲೆ ಮತ್ತು ವಿಜ್ಞಾನ ಸೇರಿಸಿ ಒಂದು ಚಟುವಟಿಕೆ ಮಾಡಬೇಕು. ಅರಿಶಿನ, ಹೂವು, ಮಣ್ಣಿನ ಬಣ್ಣ ಮಾಡಿಸಬಹುದೇ? ಬಣ್ಣ ಹಾಳೆಗೆ ನಿಲ್ಲುತ್ತಾ?
— ತುಮಕೂರು

ಉತ್ತರ: ಖಂಡಿತ ಮಾಡಿಸಿ. ಅರಿಶಿನ ಬಿದ್ದ ಬಟ್ಟೆಗೆ ಸೋಪು ಹಾಕಿದರೆ ಕೆಂಪಗಾಗುವುದನ್ನು ಯಾವ ಮನೆಯಲ್ಲಿ ನೋಡಿಲ್ಲ ಹೇಳಿ? ಅದನ್ನೇ ಹಾಳೆಯ ಮೇಲೆ ತನ್ನಿ. ಅರಿಶಿನದ ನೀರನ್ನು ಹಾಳೆ ತುಂಬಾ ಬಳಿದು ಒಣಗಿಸಿ, ಕಡ್ಡಿಗೆ ಹತ್ತಿ ಸುತ್ತಿ ಸೋಪಿನ ನೀರಿನಲ್ಲಿ ಅದ್ದಿ ಬರೆದರೆ ಕೆಂಗಂದು ಗೆರೆ ಮೂಡುತ್ತದೆ. ಸುಣ್ಣ ಹಾಕಿದರೆ ಇನ್ನೂ ಕೆಂಪು, ಕುಂಕುಮ ಮಾಡುತ್ತಿದ್ದುದೇ ಹಾಗೆ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ. ಅದು ನಿಮ್ಮ ಕೈಯಲ್ಲೇ ಇರಲಿ, ಮಕ್ಕಳಿಗೆ ಸೋಪಿನ ನೀರೇ ಸಾಕು. ಕೆಂಪು ದಾಸವಾಳದ ಎಸಳು ಹಾಳೆಗೆ ಉಜ್ಜಿದರೆ ನೇರಳೆ ಬಣ್ಣ ಬರುತ್ತದೆ. ಅದರ ಮೇಲೆ ನಿಂಬೆರಸದಲ್ಲಿ ಬರೆದರೆ ಗುಲಾಬಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಬರೆದರೆ ಹಸಿರು ಕಡೆಗೆ ತಿರುಗುತ್ತದೆ. ಆಮ್ಲ, ಪ್ರತ್ಯಾಮ್ಲ ಪಾಠಕ್ಕೆ ಇದಕ್ಕಿಂತ ಅಗ್ಗದ ಲಿಟ್ಮಸ್ ಇಲ್ಲ. ತೇಗದ ಚಿಗುರೆಲೆ ಕೈಯಲ್ಲಿ ಉಜ್ಜಿದರೆ ಕೆಂಪು, ಬಸಳೆ ಹಣ್ಣಿನಿಂದ ಕಡು ನೇರಳೆ.

ನಿಲ್ಲುತ್ತಾ ಅಂದರೆ, ಇಲ್ಲ. ಹೂವಿನದ್ದು, ಅರಿಶಿನದ್ದು ಬಿಸಿಲಿಗೆ ಬೇಗ ಮಾಸುತ್ತವೆ. ಅದನ್ನೂ ಪಾಠ ಮಾಡಿ, ಅರ್ಧ ಹಾಳೆ ಮುಚ್ಚಿ ಅರ್ಧ ಬಿಸಿಲಿಗಿಟ್ಟು ಒಂದು ವಾರ ಬಿಟ್ಟು ನೋಡಿ. ಕೆಮ್ಮಣ್ಣು, ಇದ್ದಿಲು ಮಾಸುವುದಿಲ್ಲ. ಆದರೆ ಬರೀ ನೀರಲ್ಲಿ ಕಲಸಿದರೆ ಒಣಗಿದ ಮೇಲೆ ಉದುರುತ್ತವೆ. ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಬೇವಿನ ಅಂಟೋ ಸ್ವಲ್ಪ ಫೆವಿಕಾಲೋ ಸೇರಿಸಿ. ಅಂಟು ಜಾಸ್ತಿಯಾದರೆ ಹೊಳಪು ಬಂದು ಅಸಹ್ಯವಾಗುತ್ತದೆ, ಅಂದಾಜು ನೋಡಿ ಹಾಕಿ.

ಪ್ರಶ್ನೆ: ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎಲ್ಲವನ್ನೂ ಕಪ್ಪು ಬಣ್ಣದಲ್ಲೇ ಬರೆಯುತ್ತಾನೆ. ಸೂರ್ಯ ಕೂಡ ಕಪ್ಪು. ಅವನ ಮನಸ್ಸಿನಲ್ಲಿ ಏನೋ ನೋವಿದೆ ಅಂತ ನನ್ನ ಜೊತೆಯವರು ಹೇಳುತ್ತಾರೆ. ವರದಿಯಲ್ಲಿ ಬರೆಯಲೇ?
— ಇಂಟರ್ನ್‌ಶಿಪ್‌ನಲ್ಲಿರುವ ವಿದ್ಯಾರ್ಥಿನಿ, ಮೈಸೂರು

ಉತ್ತರ: ವರದಿ ಬರೆಯುವ ಮೊದಲು ಅವನ ಕ್ರೇಯಾನ್ ಡಬ್ಬಿ ತೆಗೆದು ನೋಡಿ. ನನ್ನ ತರಗತಿಯಲ್ಲೂ ಇಂಥ ಒಬ್ಬನಿದ್ದ. ಡಬ್ಬಿಯಲ್ಲಿ ಇದ್ದದ್ದು ಕಪ್ಪು, ಕಂದು, ಮತ್ತೆ ಒಂದು ಬಿಳಿ. ಉಳಿದದ್ದೆಲ್ಲ ಅಕ್ಕನ ಪಾಲು. ಡಬ್ಬಿ ತುಂಬಿದ್ದರೂ ಕೆಲವು ಮಕ್ಕಳಿಗೆ ಕಪ್ಪೇ ಇಷ್ಟ, ಬಿಳಿ ಹಾಳೆಯ ಮೇಲೆ ಅಷ್ಟು ಜೋರಾಗಿ ಕಾಣುವ ಬಣ್ಣ ಬೇರೆ ಯಾವುದಿದೆ? ಒಂದು ಚಿತ್ರ ನೋಡಿ ಮಗುವಿನ ಮನಸ್ಸು ಓದಲು ಹೊರಡಬೇಡಿ. ಹುಡುಗ ಮಾತು ಬಿಟ್ಟಿದ್ದಾನೆ, ಊಟ ಬಿಟ್ಟಿದ್ದಾನೆ, ಸುಮ್ಮಸುಮ್ಮನೆ ಬೆಚ್ಚುತ್ತಾನೆ ಅಂತಿದ್ದರೆ ಆಗ ಚಿತ್ರದ ಬಣ್ಣ ಏನೇ ಇರಲಿ, ತರಗತಿ ಶಿಕ್ಷಕರಿಗೆ ಹೇಳಲೇಬೇಕು. ಇಲ್ಲದಿದ್ದರೆ ಮುಂದಿನ ಸಲ ಅವನಿಗೊಂದು ಕಪ್ಪು ಹಾಳೆ ಕೊಟ್ಟು ನೋಡಿ. ಯಾವ ಬಣ್ಣ ಕೇಳುತ್ತಾನೋ ನನಗೂ ಬರೆಯಿರಿ.

ಪ್ರಶ್ನೆ: ಕೊಲಾಜ್‌ಗೆ ಮೈದಾ ಅಂಟು ಮಾಡಿದರೆ ಹುಳ ಬೀಳುತ್ತದೆ. ಅಜ್ಜಿ ಮೈಲುತುತ್ತ ಹಾಕು ಅನ್ನುತ್ತಾರೆ. ಹಾಕಲೇ?
— ಕೊಪ್ಪಳ

ಉತ್ತರ: ಬೇಡ. ಪುಸ್ತಕ ಬೈಂಡ್ ಮಾಡುವವರು ಹಾಕುತ್ತಿದ್ದರು, ನಿಜ, ಆದರೆ ಅದು ವಿಷ. ಮಕ್ಕಳ ಬೆರಳು ಹಾಳೆಯಿಂದ ನೇರ ಬಾಯಿಗೆ ಹೋಗುತ್ತದೆ. ಬೇಕಾದಷ್ಟೇ ಅಂಟು ಕಾಯಿಸಿ, ಎರಡು ದಿನದಲ್ಲಿ ಮುಗಿಸಿ. ಅಜ್ಜಿಗೆ ಇನ್ನೊಂದು ವಿಷಯ ಕೇಳಿ, ಹಳೆ ಪೇಪರ್ ನೆನೆಸಿ ಮೆಂತ್ಯದ ಜೊತೆ ರುಬ್ಬಿ ಬುಟ್ಟಿ ಮಾಡುವುದು. ಅದು ಅವರಿಗೆ ಗೊತ್ತಿದ್ದರೆ ಒಂದು ದಿನ ಶಾಲೆಗೇ ಕರೆದುಕೊಂಡು ಹೋಗಿ.

ಪ್ರಶ್ನೆ: ಮೊಬೈಲ್‌ನಲ್ಲಿ ಶೇವಿಂಗ್ ಫೋಮ್ ಮೇಲೆ ಬಣ್ಣ ಹಾಕಿ ಹಾಳೆ ಒತ್ತುವುದು, ನೀರಿನ ಮೇಲೆ ಆಯಿಲ್ ಪೇಂಟ್ ತೇಲಿಸುವುದು ನೋಡಿದೆ. ಚೆನ್ನಾಗಿ ಬರುತ್ತದೆ. ನಮ್ಮ ಶಾಲೆಯಲ್ಲಿ ಮಾಡಬಹುದೇ?
— ಡಿ.ಎಲ್.ಇಡಿ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಒಂದು ಡಬ್ಬ ಫೋಮ್ ಎಷ್ಟು ಮಕ್ಕಳಿಗೆ ಬರುತ್ತದೆ ಅಂತ ಲೆಕ್ಕ ಹಾಕಿದ್ದೀರಾ? ಆ ದುಡ್ಡಿಗೆ ಇಡೀ ತರಗತಿಗೆ ಒಂದು ತಿಂಗಳ ಪೋಸ್ಟರ್ ಕಲರ್ ಬರುತ್ತದೆ. ಆಯಿಲ್ ಪೇಂಟ್ ಅಂದರೆ ಟರ್ಪೆಂಟೈನ್, ಸೀಮೆಎಣ್ಣೆ, ಅದು ಮುಚ್ಚಿದ ಕೋಣೆಯಲ್ಲಿ ಮಕ್ಕಳ ಜೊತೆ ಬೇಡವೇ ಬೇಡ.

ಅದೇ ಬೆರಗು ಬೇಕಿದ್ದರೆ ದಾರದ ಚಿತ್ರ ಮಾಡಿಸಿ. ಒಂದು ಮೊಳ ದಪ್ಪ ನೂಲನ್ನು ಬಣ್ಣದಲ್ಲಿ ಅದ್ದಿ, ಮಧ್ಯಕ್ಕೆ ಮಡಚಿದ ಹಾಳೆಯೊಳಗೆ ಹೇಗೆ ಬೇಕಾದರೂ ಸುರುಳಿ ಇಡಿ, ಒಂದು ತುದಿ ಮಾತ್ರ ಹೊರಗಿರಲಿ. ಹಾಳೆ ಮುಚ್ಚಿ ಮೇಲೆ ಒಂದು ಪುಸ್ತಕ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು ದಾರ ಎಳೆಯಬೇಕು. ತೆರೆದರೆ ಹೂವೋ ಚಿಟ್ಟೆಯೋ ನವಿಲೋ, ಅವರವರ ಕಣ್ಣಿಗೆ ಕಂಡದ್ದು. ಒಬ್ಬನೇ ಒತ್ತಿ ಹಿಡಿದು ಎಳೆಯಲು ಆಗುವುದಿಲ್ಲ, ಪಕ್ಕದವನು ಬೇಕೇ ಬೇಕು. ಆಮೇಲೆ ಚಿತ್ರ ಯಾರದ್ದು ಅಂತ ಜಗಳ ಬರುತ್ತದೆ, ಗ್ಯಾರಂಟಿ. ಹಾಳೆ ಮಡಚಿದ್ದರಿಂದ ಎರಡು ಕಡೆಯೂ ಒಂದೇ ಚಿತ್ರ ಬಿದ್ದಿರುತ್ತದೆ. ಮಡಿಕೆಗೆ ಸರಿಯಾಗಿ ಕತ್ತರಿಸಿ ಇಬ್ಬರಿಗೂ ಒಂದೊಂದು ಕೊಟ್ಟುಬಿಡಿ.